‘ಹಲೋ, ಡಾಲಿ!’: ವಿಮರ್ಶಕರು ನೋಡಿದ್ದು ಮೆಟ್ಟಿಲನ್ನೋ, ಆ ವಿಧವೆಯನ್ನೋ?

ಹಿಂದಿನಸಾಲು:
ನಾಟಕಪ್ರಿಯರಿಗೆಲ್ಲ ನಮಸ್ಕಾರ. ಬಹಳ ದಿನದಿಂದ ಮನಸ್ಸಿನಲ್ಲಿದ್ದ ವಿಷಯವೊಂದನ್ನು ಚರ್ಚೆಗೆ ಇಡುತ್ತಿದ್ದೇನೆ.

ನ್ಯೂಯಾರ್ಕಿನ ನಾಟಕಕೇಂದ್ರ ಬ್ರಾಡ್‌ವೇಯ ಸಂಗೀತ ನಾಟಕ ‘ಹಲೋ, ಡಾಲಿ!’ ಅಂದ ಕೂಡಲೇ ನೆನಪಾಗುವುದು ಒಂದೇ ದೃಶ್ಯ. ದೊಡ್ಡ ಹೋಟೆಲಿನ ಮೆಟ್ಟಿಲು, ಕೆಂಪು ಗೌನು, ತಲೆ ಮೇಲೆ ಗರಿ, ಕೆಳಗೆ ಸಾಲಾಗಿ ನಿಂತ ವೇಟರ್‌ಗಳು. 1964ರಿಂದ ಈಚೆಗೆ ಬಂದ ವಿಮರ್ಶೆಗಳನ್ನು ತಿರುವಿ ಹಾಕಿದರೆ ಅಲ್ಲೂ ಅದೇ ಮೆಟ್ಟಿಲು. ಹೊಸ ನಟಿ ಬಂದಾಗಲೆಲ್ಲ ಕೇಳುವ ಪ್ರಶ್ನೆಯೂ ಅದೇ: ಈಕೆ ಹೇಗೆ ಇಳಿದು ಬಂದಳು? ಚಪ್ಪಾಳೆ ಎಷ್ಟು ಹೊತ್ತು ಬಿತ್ತು?

ನನ್ನ ವಾದ ಇಷ್ಟು. ಇದು ನಗಿಸುವ ನಾಟಕ, ಸರಿ. ಆದರೆ ನಗು ನಿಂತಿರುವುದು ಒಬ್ಬ ವಿಧವೆಯ ಮೇಲೆ. ಗಂಡ ಎಫ್ರಾಯಿಮ್ ಸತ್ತ ಮೇಲೆ ಡಾಲಿ ಲೀವೈ ಹೊಟ್ಟೆಪಾಡಿಗಾಗಿ ಸಿಕ್ಕ ಕೆಲಸ ಎಲ್ಲ ಮಾಡುತ್ತಾಳೆ. ಮುಖ್ಯವಾಗಿ ಮದುವೆ ಬ್ರೋಕರ್. ಯಾಂಕರ್ಸ್ ಊರಿನ ಹುಲ್ಲು-ಬೂಸಾ ವ್ಯಾಪಾರಿ ಹೊರೇಸ್ ವ್ಯಾಂಡರ್‌ಗೆಲ್ಡರ್‌ಗೆ ಹೆಣ್ಣು ಹುಡುಕುತ್ತಾ, ಅವನನ್ನು ತಾನೇ ಮದುವೆಯಾಗಬೇಕು ಅಂತ ತೀರ್ಮಾನ ಮಾಡಿರುತ್ತಾಳೆ. ಆದರೆ ಅದಕ್ಕೆ ಮೊದಲು ಸತ್ತ ಗಂಡನ ಒಪ್ಪಿಗೆ ಬೇಕು. ನಾಟಕದುದ್ದಕ್ಕೂ ಮೇಲೆ ನೋಡಿ ಅವನಿಗೆ ಹೇಳುತ್ತಿರುತ್ತಾಳೆ, ಒಂದು ಗುರುತು ಕೊಡು ಅಂತ. ಈ ದುಃಖ ಕಾಣದಿದ್ದರೆ ಡಾಲಿ ಬರೀ ವಟವಟ ಅನ್ನುವ ಜೋರು ಹೆಂಗಸಾಗಿ ಉಳಿದುಬಿಡುತ್ತಾಳೆ. ನಾನು ಓದಿದ ಮಟ್ಟಿಗೆ, ಈ ಮಾತನ್ನು ಹಿಡಿದ ವಿಮರ್ಶಕರು ಕಡಿಮೆ. ನೀವೇನಂತೀರಿ?

ಪ್ರಶ್ನೆಪತ್ರ:
ನಾನು ಸಿನಿಮಾ ಮಾತ್ರ ನೋಡಿದ್ದೇನೆ. ಮೊದಲು ರಂಗದ ಮೇಲೆ ಡಾಲಿ ಮಾಡಿದ್ದು ಯಾರು? ಆಗಿನ ಪತ್ರಿಕೆಗಳು ಏನು ಬರೆದವು? ಬಲ್ಲವರು ಹೇಳಿ.

ಹಳೆರೆಕಾರ್ಡು:
ಕ್ಯಾರಲ್ ಚ್ಯಾನಿಂಗ್. ಆದರೆ ಆಕೆ ಮೊದಲ ಆಯ್ಕೆ ಅಲ್ಲ. ಪಾತ್ರ ಮೊದಲು ಹೋಗಿದ್ದು ಎಥೆಲ್ ಮರ್ಮನ್ ಹತ್ತಿರ. ಆಕೆ ಬೇಡ ಅಂದರು. ಮೇರಿ ಮಾರ್ಟಿನ್ ಕೂಡ ಬೇಡ ಅಂದರು. ಮುಂದೆ ಇಬ್ಬರೂ ಅದೇ ಪಾತ್ರ ಮಾಡಿದರು ಅನ್ನುವುದು ಬೇರೆ ಮಾತು.

ಪತ್ರಿಕೆಗಳ ವಿಷಯಕ್ಕೆ ಬರುವ ಮೊದಲು ಡೆಟ್ರಾಯಿಟ್ ಕಥೆ ಹೇಳಲೇಬೇಕು. 1963ರ ಕೊನೆಯಲ್ಲಿ ನಾಟಕ ನ್ಯೂಯಾರ್ಕ್‌ಗೆ ಬರುವ ಮುಂಚೆ ಅಲ್ಲಿ ಪ್ರಯೋಗ ನಡೆಯಿತು. ವಿಮರ್ಶೆ ಚೆನ್ನಾಗಿ ಬರಲಿಲ್ಲ. ನಿರ್ಮಾಪಕ ಡೇವಿಡ್ ಮೆರಿಕ್ ಸಿಟ್ಟಿನ ಮನುಷ್ಯ, ಬೇರೆ ಹಾಡು ಬರೆಯುವವರನ್ನೂ ಕರೆಸಿದರು. ಹಾಡು ಮತ್ತು ಸಂಗೀತ ಎರಡೂ ಜೆರಿ ಹರ್ಮನ್ ಅವರದು, ಇನ್ನೂ ಮೂವತ್ತೆರಡರ ಹುಡುಗ. ಅವರ ಮೇಲೆ ಎಷ್ಟು ಒತ್ತಡ ಇತ್ತು ಅಂತ ಊಹಿಸಿ.

ಆಗ ಮೊದಲ ಅಂಕ ಮುಗಿಯುತ್ತಿದ್ದುದು ವ್ಯಾಪಾರಿ ಹೊರೇಸ್‌ನ ಹಾಡಿನಿಂದ. ತಾನು ಕಾಸು ಕಾಸು ಕೂಡಿಟ್ಟು ಹೇಗೆ ಮೇಲೆ ಬಂದೆ ಅನ್ನುವ ಹಾಡು. ಅದನ್ನು ಕಿತ್ತು ಹಾಕಿದರು. ಆ ಜಾಗಕ್ಕೆ ಡೆಟ್ರಾಯಿಟ್‌ನಲ್ಲೇ ಹುಟ್ಟಿಕೊಂಡಿದ್ದು ಡಾಲಿಯ ಹಾಡು: ಮೆರವಣಿಗೆ ನನ್ನನ್ನು ದಾಟಿ ಹೋಗುವ ಮೊದಲು ನಾನೂ ಅದರಲ್ಲಿ ಸೇರಬೇಕು ಅಂತ. ಅಂದರೆ ಗಂಡಸಿನ ದುಡ್ಡಿನ ಹಾಡು ಹೋಗಿ ಹೆಂಗಸಿನ ಬದುಕುವ ಆಸೆಯ ಹಾಡು ಬಂತು. ಹಿಂದಿನಸಾಲು ಅವರೇ, ನೀವು ಹೇಳುವ ಆ ವಿಧವೆ ನಾಟಕದ ನಟ್ಟನಡುವೆ ಬಂದು ನಿಂತಿದ್ದು ಹೀಗೆ. ಡೆಟ್ರಾಯಿಟ್‌ನ ಕೆಟ್ಟ ವಿಮರ್ಶೆಗಳಿಗೆ ಇದರಲ್ಲಿ ಪಾಲಿದೆ ಅಂತಲೇ ನನ್ನ ನಂಬಿಕೆ.

1964ರ ಜನವರಿ 16ಕ್ಕೆ ಸೇಂಟ್ ಜೇಮ್ಸ್ ಥಿಯೇಟರ್‌ನಲ್ಲಿ ಶುರು. ಹೆರಾಲ್ಡ್ ಟ್ರಿಬ್ಯೂನ್‌ನ ವಾಲ್ಟರ್ ಕರ್ ಮನಸಾರೆ ಮೆಚ್ಚಿದರು. ನ್ಯೂಯಾರ್ಕ್ ಟೈಮ್ಸ್‌ನ ಹೋವರ್ಡ್ ಟಾಬ್‌ಮನ್ ಕೂಡ ಮೆಚ್ಚಿದರು, ಆದರೆ ಒಂದು ತಕರಾರು ಇಟ್ಟುಕೊಂಡು. ಅಲ್ಲಲ್ಲಿ ಗದ್ದಲ ಜಾಸ್ತಿಯಾಯಿತು, ಒರಟುತನ ಬೇಕಿರಲಿಲ್ಲ ಅಂದರು. ಆ ತಕರಾರು ನನಗೆ ಸುಳ್ಳು ಅನ್ನಿಸುವುದಿಲ್ಲ. ನಿರ್ದೇಶಕ ಗವರ್ ಚಾಂಪಿಯನ್ ಅವರ ಕುಣಿತದ ವೇಗ ಹಾಗಿತ್ತು.

ಆ ವರ್ಷ ಹತ್ತು ಟೋನಿ ಬಂದವು, ಬ್ರಾಡ್‌ವೇ ನಾಟಕಗಳಿಗೆ ಕೊಡುವ ದೊಡ್ಡ ಪ್ರಶಸ್ತಿ ಅದು. 2001ರವರೆಗೆ ಆ ದಾಖಲೆ ಯಾರೂ ಮುರಿಯಲಿಲ್ಲ. ಚ್ಯಾನಿಂಗ್ ಅವರಿಗೆ ಉತ್ತಮ ನಟಿ ಟೋನಿ. ಸೋತವರಲ್ಲಿ ‘ಫನ್ನಿ ಗರ್ಲ್’ನ ಬಾರ್ಬ್ರಾ ಸ್ಟ್ರೈಸಂಡ್ ಇದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಂಗಗೀತೆ:
ಹಿಂದಿನಸಾಲು ಅವರ ವಾದಕ್ಕೆ ನನ್ನ ವಿರೋಧ ಇದೆ. ಮೆಟ್ಟಿಲು ಬೇರೆ, ವಿಧವೆ ಬೇರೆ ಅಂತ ಯಾಕೆ ಬೇರ್ಪಡಿಸುತ್ತೀರಿ?

ಆ ಹಾರ್ಮೋನಿಯಾ ಗಾರ್ಡನ್ಸ್ ಹೋಟೆಲಿಗೆ ಡಾಲಿ ಗಂಡನ ಜೊತೆ ಬರುತ್ತಿದ್ದವಳು. ಅವನು ಹೋದ ಮೇಲೆ ವರ್ಷಗಟ್ಟಲೆ ಅತ್ತ ತಲೆ ಹಾಕಿರುವುದಿಲ್ಲ. ಈಗ ಒಬ್ಬಳೇ ಬರುತ್ತಿದ್ದಾಳೆ. ವೇಟರ್‌ಗಳು ತನ್ನನ್ನು ಮರೆತಿದ್ದರೆ? ಆ ಅಳುಕು ಇರುತ್ತದಲ್ವಾ. ಅವಳು ಬರುವ ಮುಂಚೆ ವೇಟರ್‌ಗಳು ತಟ್ಟೆ, ಕಬಾಬಿನ ಕಂಬಿ, ಬಾಟಲಿ ಹಿಡಿದು ರಂಗದ ತುಂಬ ಓಡುತ್ತಾರೆ. ಉಸಿರು ಬಿಡಲು ಪುರುಸೊತ್ತಿಲ್ಲ. ಆಮೇಲೆ ಎಲ್ಲ ನಿಲ್ಲುತ್ತದೆ. ಮೇಲೆ ಪರದೆ ಸರಿಯುತ್ತದೆ. ಅವಳು ನಿಂತಿದ್ದಾಳೆ. ಹಾಡನ್ನು ಜೋರಾಗಿ ಎತ್ತಿಕೊಳ್ಳುವುದಿಲ್ಲ, ಮೆಲ್ಲಗೆ, ಹೆಚ್ಚುಕಮ್ಮಿ ಮಾತಿನ ದನಿಯಲ್ಲಿ ಶುರು ಮಾಡುತ್ತಾಳೆ. ಒಬ್ಬೊಬ್ಬ ವೇಟರ್‌ನ ಹೆಸರು ಹಿಡಿದು ಮಾತಾಡಿಸುತ್ತಾಳೆ. ಅವರಿಗೆ ಇವಳ ನೆನಪಿದೆ, ಇವಳಿಗೆ ಅವರ ನೆನಪಿದೆ. ಆಮೇಲೆ ತಾನೇ ಆ ಕುಣಿತ, ವಾದ್ಯದವರನ್ನು ಸುತ್ತಿಕೊಂಡು ಪ್ರೇಕ್ಷಕರ ಮಡಿಲಿಗೇ ಬರುವ ಆ ಓಣಿಯಂಥ ರಂಗದ ಮೇಲೆ ನಡೆಯುವುದು.

ಇದು ಸ್ಟಾರ್ ನಟಿಗೆ ಇಟ್ಟ ಆರತಿ ಅಲ್ಲ. ನಾಟಕದ ಕಥೆಯೇ ಅಲ್ಲಿದೆ. ಹಾಗಾಗಿ ಮೆಟ್ಟಿಲ ಬಗ್ಗೆ ಬರೆದ ವಿಮರ್ಶಕ ತಪ್ಪು ಮಾಡಲಿಲ್ಲ.

ಹಿಂದಿನಸಾಲು:
ರಂಗಗೀತೆ ಮೇಡಂ, ನೀವು ಆ ದೃಶ್ಯವನ್ನು ಬಿಡಿಸಿ ಹೇಳಿದ ರೀತಿಯಲ್ಲಿ ವಿಮರ್ಶೆಗಳು ಹೇಳಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ! ಗೌನು, ಗರಿ, ಚಪ್ಪಾಳೆ, ಇಷ್ಟಕ್ಕೇ ನಿಂತುಬಿಡುತ್ತಾರೆ. ಅದಕ್ಕೆ ಇನ್ನೊಂದು ಕಾರಣವೂ ಇರಬಹುದು. ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ರೆಕಾರ್ಡು 1964ರ ಮೇ ತಿಂಗಳಲ್ಲಿ ಬೀಟಲ್ಸ್‌ನ್ನು ಹಿಂದೆ ಹಾಕಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಹಾಡು ಕಥೆ ಬಿಟ್ಟು ಒಂಟಿಯಾಗಿ ಊರೆಲ್ಲ ತಿರುಗಿತು. ಜನರಿಗೆ ಅದು ಖುಷಿಯ ಸ್ವಾಗತಗೀತೆ ಅಷ್ಟೇ. ಚುನಾವಣೆಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೂ ಪದ ಬದಲಾಯಿಸಿ ಹಾಡಿದರು.

ನಡುವಿನಬಾಗಿಲು:
ಎಲ್ಲರೂ ಚ್ಯಾನಿಂಗ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಪರ್ಲ್ ಬೇಲಿ ಬಗ್ಗೆ ಯಾರೂ ಎತ್ತಲಿಲ್ಲವಲ್ಲ!

ಚ್ಯಾನಿಂಗ್ ಬಿಟ್ಟ ಮೇಲೆ 1965ರಲ್ಲಿ ಜಿಂಜರ್ ರಾಜರ್ಸ್ ಬಂದರು. ಆಮೇಲೆ ಮಾರ್ಥಾ ರೇ, ಬೆಟ್ಟಿ ಗ್ರೇಬಲ್. ಎಲ್ಲರೂ ಸಿನಿಮಾದಲ್ಲಿ ಹೆಸರು ಮಾಡಿದವರು, ಟಿಕೆಟ್ ಹೋಗಲಿ ಅಂತ ಕರೆಸಿದವರು. 1967ರ ಹೊತ್ತಿಗೆ ನಾಟಕ ಹಳತಾಗಿತ್ತು. ಆಗ ಮೆರಿಕ್ ಇಡೀ ತಂಡವನ್ನೇ ಬದಲಾಯಿಸಿದರು. ನವೆಂಬರ್ 12ಕ್ಕೆ ಪರ್ಲ್ ಬೇಲಿ ಡಾಲಿಯಾಗಿ, ಕ್ಯಾಬ್ ಕ್ಯಾಲೊವೇ ಹೊರೇಸ್ ಆಗಿ, ಎಲ್ಲ ಪಾತ್ರದಲ್ಲೂ ಕಪ್ಪು ಕಲಾವಿದರು.

ಆಗ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇದ್ದವರು ಕ್ಲೈವ್ ಬಾರ್ನ್ಸ್. ಆತ ಮುಚ್ಚುಮರೆ ಇಲ್ಲದೆ ಬರೆದರು: ಕಪ್ಪು ಜನರನ್ನೇ ಬೇರೆ ಇಟ್ಟು ನಾಟಕ ಮಾಡುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ, ಬೇಸರ ಇಟ್ಟುಕೊಂಡೇ ಹೋದೆ ಅಂತ. ಆದರೆ ಮೊದಲಿಂದ ಕೊನೆಯವರೆಗೆ ಮನಸೋತೆ ಅಂತಲೂ ಬರೆದರು. ಬೇಲಿ ಇಡೀ ನಾಟಕವನ್ನು ಕೈಗೆತ್ತಿಕೊಂಡು ಗರಿಯ ಶಾಲಿನಂತೆ ಕೊರಳಿಗೆ ಸುತ್ತಿಕೊಂಡರು ಅನ್ನುವ ಅರ್ಥದ ಮಾತು ಆ ವಿಮರ್ಶೆಯದೇ. ಆ ಮಾತು ಇವತ್ತಿಗೂ ಓಡಾಡುತ್ತಿದೆ.

ಬೇಲಿ ನೈಟ್‌ಕ್ಲಬ್ಬಿನಲ್ಲಿ ಪಳಗಿದವರು. ಮಾತು ಬಿಟ್ಟುಬಿಟ್ಟು, ಸೋಮಾರಿತನದಲ್ಲಿ ಎಂಬಂತೆ ಹಾಡುವ ಶೈಲಿ. ನಾಟಕ ಮುಗಿದ ಮೇಲೂ ಪ್ರೇಕ್ಷಕರನ್ನು ಬಿಡುತ್ತಿರಲಿಲ್ಲ, ನಿಂತು ಹರಟುತ್ತಿದ್ದರು. ಜನ ಅದನ್ನು ಮೂರನೇ ಅಂಕ ಅನ್ನುತ್ತಿದ್ದರು. 1968ರಲ್ಲಿ ಆಕೆಗೆ ವಿಶೇಷ ಟೋನಿ ಕೊಟ್ಟರು. ಮಾರ್ಗನ್ ಫ್ರೀಮನ್ ಬ್ರಾಡ್‌ವೇಗೆ ಕಾಲಿಟ್ಟಿದ್ದು ಈ ತಂಡದಲ್ಲೇ.

ಪ್ರಶ್ನೆಪತ್ರ:
ಬಾರ್ನ್ಸ್ ಅವರ ಮೊದಲ ಬೇಸರ ನ್ಯಾಯವಾದದ್ದೇ ಅಲ್ವಾ? ಬಿಳಿಯರ ತಂಡ ಒಂದು, ಕಪ್ಪು ಜನರ ತಂಡ ಒಂದು ಅಂತ ಯಾಕೆ? ಒಂದೇ ತಂಡದಲ್ಲಿ ಇಬ್ಬರಿಗೂ ಜಾಗ ಕೊಡಬಹುದಿತ್ತು.

ನಡುವಿನಬಾಗಿಲು:
ಪ್ರಶ್ನೆ ನ್ಯಾಯವಾದದ್ದೇ. ಮೆರಿಕ್‌ಗೆ ಬೇಕಿದ್ದಿದ್ದು ಗಲ್ಲಾಪೆಟ್ಟಿಗೆ, ಸಮಾಜ ಸುಧಾರಣೆ ಅಲ್ಲ. ಆದರೆ ನಟಿಯ ಕಡೆಯಿಂದ ನೋಡಿ. ಬ್ರಾಡ್‌ವೇಯಲ್ಲಿ ನಲವತ್ತೊಂಬತ್ತರ ಕಪ್ಪು ಹೆಂಗಸಿಗೆ ಇಂಥ ದೊಡ್ಡ ಪಾತ್ರ ಎಷ್ಟು ಸಿಗುತ್ತಿತ್ತು? ಹತ್ತೊಂಬತ್ತನೇ ಶತಮಾನದ ನ್ಯೂಯಾರ್ಕಿನ ಒಳ್ಳೊಳ್ಳೆ ಹೋಟೆಲಿನಲ್ಲಿ, ಮೆಟ್ಟಿಲ ಕೆಳಗೆ ಸಾಲುನಿಂತ ಜನ, ನೀನು ನಿನ್ನ ಜಾಗಕ್ಕೆ ವಾಪಸ್ ಬಂದೆ ಅಂತ ಹಾಡುತ್ತಾರೆ. ಆ ಊರಿನಲ್ಲಿ, ಆ ವರ್ಷದಲ್ಲಿ ಒಬ್ಬ ಕಪ್ಪು ನಟಿಗೆ ಅದನ್ನು ಹಾಡಿದಾಗ ಅದರ ಭಾರವೇ ಬೇರೆ. ಕರೆಸಿದವನ ಉದ್ದೇಶ ಏನೇ ಇರಲಿ, ಬೇಲಿ ಅದನ್ನು ತನ್ನದು ಮಾಡಿಕೊಂಡರು. ಬಾರ್ನ್ಸ್ ಎರಡನ್ನೂ ಬರೆದರು, ತನ್ನ ಅಳುಕನ್ನೂ, ಸೋತದ್ದನ್ನೂ. ವಿಮರ್ಶೆ ಅಂದರೆ ಹಾಗಿರಬೇಕು ಅಂತ ನನಗನ್ನಿಸುತ್ತದೆ.

ಹಳೆರೆಕಾರ್ಡು:
ಬೇಲಿ ತಂಡದ ರೆಕಾರ್ಡು ಪ್ರತ್ಯೇಕವಾಗಿ ಬಂದಿದೆ. ಚ್ಯಾನಿಂಗ್ ರೆಕಾರ್ಡಿನ ಪಕ್ಕ ಇಟ್ಟು ಕೇಳಿ. ಚ್ಯಾನಿಂಗ್ ಅವರದು ಮರಳು ಸವರಿದಂಥ ಗಂಟಲು, ಪ್ರತಿ ಅಕ್ಷರ ಕಡಿದು ಹೇಳುತ್ತಾರೆ. ಬೇಲಿ ತಾಳದ ಹಿಂದೆ ಬೇಕಂತಲೇ ನಿಧಾನ ನಡೆಯುತ್ತಾರೆ. ಸ್ವರ ಒಂದೇ, ಹೆಂಗಸರು ಇಬ್ಬರು.

ಪ್ರಶ್ನೆಪತ್ರ:
ಸಿನಿಮಾದ ಸ್ಟ್ರೈಸಂಡ್ ಬಗ್ಗೆ ಯಾಕೆ ಎಲ್ಲರೂ ಮೌನ? ನನಗಂತೂ ಹಾಡು ಕೇಳಿ ರೋಮಾಂಚನವಾಗಿತ್ತು.

ರಂಗಗೀತೆ:
ಹಾಡಿಗೆ ಎದುರಿಲ್ಲ. ಆದರೆ ವಯಸ್ಸು! ಚಿತ್ರೀಕರಣದ ಹೊತ್ತಿಗೆ ಆಕೆಗೆ 26. ಗಂಡನನ್ನು ಕಳೆದುಕೊಂಡು ವರ್ಷಗಟ್ಟಲೆ ಒಂಟಿಯಾಗಿ ಬದುಕಿದವಳ ಪಾತ್ರಕ್ಕೆ 26 ವರ್ಷ. ವಿಮರ್ಶಕರು ಮೊದಲು ಹಿಡಿದ ತಪ್ಪೇ ಅದು. 1964ರಲ್ಲಿ ಚ್ಯಾನಿಂಗ್ ಎದುರು ಟೋನಿ ಸೋತಾಕೆ 1969ರಲ್ಲಿ ಚ್ಯಾನಿಂಗ್ ಪಾತ್ರವನ್ನು ತೆರೆಯ ಮೇಲೆ ಮಾಡಿದರು. ಚ್ಯಾನಿಂಗ್ ಅವರಿಗೆ ನೋವಾಗದೆ ಇರುತ್ತದೆಯೇ. ಸಿನಿಮಾಕ್ಕೆ ಮೂರು ಆಸ್ಕರ್ ಬಂದವು, ಕಲೆ, ಧ್ವನಿ, ಸಂಗೀತಕ್ಕೆ. ನಟನೆಗೆ ಬರಲಿಲ್ಲ.

ಹಿಂದಿನಸಾಲು ಅವರ ವಾದ ಇಲ್ಲಿ ನೂರಕ್ಕೆ ನೂರು ಸರಿ. ಮೆಟ್ಟಿಲೂ ಇದೆ, ಗೌನೂ ಇದೆ, ಆರ್ಮ್‌ಸ್ಟ್ರಾಂಗ್ ಕೂಡ ಬಂದು ಹಾಡುತ್ತಾರೆ. ಆದರೆ ಎಷ್ಟೋ ವರ್ಷದ ಮೇಲೆ ವಾಪಸ್ ಬಂದವಳು ಅಂತ ನಂಬಲು ಆಗುವುದಿಲ್ಲ.

ಹಳೆರೆಕಾರ್ಡು:
ವಯಸ್ಸಿನ ಮಾತು ಬಂತಲ್ಲ, ಮರ್ಮನ್ ಕಥೆ ಹೇಳಿ ಮುಗಿಸುತ್ತೇನೆ. ಮೊದಲೇ ಬೇಡ ಅಂದವರು 1970ರ ಮಾರ್ಚ್‌ನಲ್ಲಿ, 62ನೇ ವಯಸ್ಸಿನಲ್ಲಿ ಪಾತ್ರ ಒಪ್ಪಿಕೊಂಡರು. ಹರ್ಮನ್ ಮೂಲತಃ ಮರ್ಮನ್ ಗಂಟಲಿಗೆ ಅಂತ ಬರೆದು ಪಕ್ಕಕ್ಕಿಟ್ಟಿದ್ದ ಎರಡು ಹಾಡು ಆಗ ನಾಟಕಕ್ಕೆ ಸೇರಿದವು. ಮೈಕ್ ಬೇಡದ ಗಂಟಲು ಅದು. ಆಕೆ ಇದ್ದ ತಂಡವೇ ಕೊನೆಯದು. 1970ರ ಡಿಸೆಂಬರ್ 27ಕ್ಕೆ ನಾಟಕ ಮುಗಿದಾಗ ಒಟ್ಟು 2,844 ಪ್ರಯೋಗ ಆಗಿತ್ತು.

ಬುತ್ತಿಗಂಟು:
ಇಷ್ಟು ಹೊತ್ತು ಓದಿದೆ, ಈಗ ನಾನೂ ಒಂದು ಸೇರಿಸುತ್ತೇನೆ. ನನಗೆ ಈ ನಾಟಕದಲ್ಲಿ ಮೆಟ್ಟಿಲಿಗಿಂತ ದೊಡ್ಡ ಪರೀಕ್ಷೆ ಊಟ.

ಎರಡನೇ ಅಂಕದಲ್ಲಿ ಹೊರೇಸ್ ಎದುರು ಡಾಲಿ ಊಟಕ್ಕೆ ಕೂರುತ್ತಾಳೆ. ಅವನ ತಟ್ಟೆಗೆ ಬಡಿಸುತ್ತಾ, ನಾನು ನಿನ್ನನ್ನು ಮದುವೆಯಾಗುವುದಿಲ್ಲ, ಸುಮ್ನೆ ಕೇಳಬೇಡ ಅಂತ ಹೇಳುತ್ತಾ ಹೋಗುತ್ತಾಳೆ. ಪಾಪ, ಅವನು ಕೇಳಿಯೇ ಇರುವುದಿಲ್ಲ! ಆಮೇಲೆ ಗಲಾಟೆಯಾಗಿ ಎಲ್ಲರೂ ಕೋರ್ಟಿಗೆ ಹೋಗುತ್ತಾರೆ. ಕೋರ್ಟು ಕಾಯುತ್ತದೆ, ಡಾಲಿ ಮಾತ್ರ ಮೇಜು ಬಿಡದೆ ಉಣ್ಣುತ್ತಾಳೆ. ಮಾತಿಲ್ಲ, ಹಾಡಿಲ್ಲ. ಬರೀ ತುತ್ತು, ಕಣ್ಣು, ಬಾಯೊರೆಸುವ ಬಟ್ಟೆ. ಅಷ್ಟರಲ್ಲೇ ಥಿಯೇಟರ್ ತುಂಬ ಜನರನ್ನು ನಗಿಸಬೇಕು. ಹಾಸ್ಯನಟಿಯ ನಿಜವಾದ ತಾಕತ್ತು ಅಲ್ಲಿ ಗೊತ್ತಾಗುತ್ತದೆ.

2017ರ ಏಪ್ರಿಲ್ 20ಕ್ಕೆ ಶೂಬರ್ಟ್ ಥಿಯೇಟರ್‌ನಲ್ಲಿ ಬೆಟ್ ಮಿಡ್ಲರ್ ಡಾಲಿಯಾಗಿ ಬಂದರು. 71 ವರ್ಷ. ವಿಮರ್ಶಕರು ಈ ಊಟದ ದೃಶ್ಯವನ್ನು ಎತ್ತಿ ಹೇಳಿದ್ದು ನನಗೆ ಬಹಳ ಸಂತೋಷ ಕೊಟ್ಟಿತ್ತು. ಮಿಡ್ಲರ್ ಮತ್ತು ಪ್ರೇಕ್ಷಕರ ನಡುವಿನ ಪ್ರೀತಿಯ ಬಗ್ಗೆಯೂ ಬರೆದರು. ಆಕೆಗೆ ಟೋನಿ, ಮರುಪ್ರಯೋಗಕ್ಕೆ ಟೋನಿ, ಒಟ್ಟು ನಾಲ್ಕು. ಹಳೆರೆಕಾರ್ಡು ಅವರು ಹೇಳಿದ, ಡೆಟ್ರಾಯಿಟ್‌ನಲ್ಲಿ ಕಿತ್ತು ಹಾಕಿದ ಹೊರೇಸ್ ಹಾಡನ್ನು ಈ ಸಲ ಡೇವಿಡ್ ಹೈಡ್ ಪಿಯರ್ಸ್‌ಗೆ ಕೊಟ್ಟು ವಾಪಸ್ ತಂದರು. ಆದರೆ ಮೊದಲ ಅಂಕದ ಕೊನೆಗೆ ಅಲ್ಲ, ಎರಡನೇ ಅಂಕದ ಶುರುವಿಗೆ. ಮೊದಲ ಅಂಕದ ಕೊನೆ ಡಾಲಿಯದೇ ಆಗಿ ಉಳಿಯಿತು.

ವಾರಕ್ಕೊಂದು ದಿನ, ಮಂಗಳವಾರ, ಡೋನಾ ಮರ್ಫಿ ಡಾಲಿ ಮಾಡುತ್ತಿದ್ದರು. ಟಿಕೆಟ್‌ಗೆ ಅಷ್ಟು ನೂಕುನುಗ್ಗಲು ಇರುತ್ತಿರಲಿಲ್ಲ, ನಾಟಕ ಬಲ್ಲವರು ಹುಡುಕಿಕೊಂಡು ಹೋಗುತ್ತಿದ್ದರು. 2018ರಲ್ಲಿ ಬರ್ನಡೆಟ್ ಪೀಟರ್ಸ್ ಬಂದರು. ಒಂದೇ ಮರುಪ್ರಯೋಗದಲ್ಲಿ ಮೂವರು ಡಾಲಿಯರು.

ಹಿಂದಿನಸಾಲು:
ಬುತ್ತಿಗಂಟು ಅವರೇ, ಊಟದ ಮಾತು ಎತ್ತಿದ್ದು ಬಹಳ ಒಳ್ಳೆಯದಾಯಿತು. ನನಗೆ ಮಿಡ್ಲರ್ ಬಗ್ಗೆ ಒಂದೇ ದೂರು. ಜನ ಮಿಡ್ಲರ್‌ಗೆ ಚಪ್ಪಾಳೆ ಹೊಡೆದರೋ, ಡಾಲಿಗೆ ಹೊಡೆದರೋ? ವಿಮರ್ಶಕರಿಗೂ ಆ ವ್ಯತ್ಯಾಸ ಬೇಕಾಗಿರಲಿಲ್ಲ ಅನ್ನಿಸಿತು. ಆಕೆ ಒಳಗೆ ಬಂದ ಕೂಡಲೇ ನಾಟಕ ನಿಂತುಹೋಗುವಷ್ಟು ಚಪ್ಪಾಳೆ. ಆಗ ಎಫ್ರಾಯಿಮ್‌ನನ್ನು ಯಾರು ಕೇಳುತ್ತಾರೆ?

ಲಂಡನ್‌ಕನ್ನಡತಿ:
ನಾನು 2024ರಲ್ಲಿ ಲಂಡನ್ ಪಲೇಡಿಯಂನಲ್ಲಿ ಇಮೆಲ್ಡಾ ಸ್ಟಾಂಟನ್ ಅವರನ್ನು ನೋಡಿದೆ. ಹಿಂದಿನಸಾಲು ಅವರೇ, ನೀವು ಹುಡುಕುತ್ತಿರುವ ವಿಧವೆ ಅಲ್ಲಿದ್ದಳು.

ಸ್ಟಾಂಟನ್ ಗಿಡ್ಡ. ಆ ದೊಡ್ಡ ರಂಗದ ಮೇಲೆ ಇನ್ನೂ ಗಿಡ್ಡ ಕಾಣುತ್ತಾರೆ. ವಯಸ್ಸು 68. ಎಫ್ರಾಯಿಮ್ ಜೊತೆ ಮಾತಾಡುವಾಗ ಧ್ವನಿ ಏರಿಸಲಿಲ್ಲ, ನಾಟಕೀಯವಾಗಿ ಕೈ ಚಾಚಲಿಲ್ಲ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ಒಳಕೋಣೆಯಲ್ಲಿರುವ ಗಂಡನಿಗೆ ಹೇಳುವ ಹಾಗೆ ಹೇಳಿದರು. ನನ್ನ ಪಕ್ಕದ ಸೀಟಿನ ವಯಸ್ಸಾದ ಹೆಂಗಸು ಅಷ್ಟಕ್ಕೇ ಕರ್ಚೀಫು ತೆಗೆದರು, ಇನ್ನೂ ಮೆಟ್ಟಿಲು ಬಂದೇ ಇರಲಿಲ್ಲ. ನಿರ್ದೇಶಕ ಡಾಮಿನಿಕ್ ಕುಕ್. ಅವರೂ ಸ್ಟಾಂಟನ್ನೂ ಮೊದಲೇ ‘ಫಾಲೀಸ್’ ಅನ್ನುವ ಸಂಗೀತ ನಾಟಕ ಮಾಡಿದ್ದರು, ಹಾಗಾಗಿ ಹಾಡಿನೊಳಗಿನ ನೋವು ಹೇಗೆ ತೆಗೆಯಬೇಕು ಅಂತ ಇಬ್ಬರಿಗೂ ಗೊತ್ತಿತ್ತು.

ಇಲ್ಲಿನ ಹಲವು ವಿಮರ್ಶಕರು ಇದನ್ನೇ ಬರೆದರು: ನಗುವಿನ ಕೆಳಗೆ ದುಃಖ ಕಾಣುತ್ತದೆ ಅಂತ. ಮುಂದಿನ ವರ್ಷ ಲಂಡನ್ ರಂಗಭೂಮಿಯ ಒಲಿವಿಯರ್ ಪ್ರಶಸ್ತಿ ಬಂತು, ಉತ್ತಮ ನಟಿ ಅಂತ. ಅರುವತ್ತು ವರ್ಷ ಬೇಕಾಯಿತೇನೋ ಎಲ್ಲರೂ ಹೀಗೆ ಬರೆಯುವುದಕ್ಕೆ.

ರಂಗಗೀತೆ:
ಲಂಡನ್‌ಕನ್ನಡತಿ ಅವರೇ, ಒಂದು ಪ್ರಶ್ನೆ. ಟೋಪಿ ಅಂಗಡಿಯ ಐರೀನ್ ಮೊಲಾಯ್ ಹೇಗಿದ್ದರು? ಈ ನಾಟಕದಲ್ಲಿ ಎರಡನೇ ವಿಧವೆ ಒಬ್ಬಳಿದ್ದಾಳೆ ಅಂತ ಎಲ್ಲರೂ ಮರೆತುಬಿಡುತ್ತಾರೆ. 1964ರಲ್ಲಿ ಐಲೀನ್ ಬ್ರೆನನ್ ಮಾಡಿದ್ದರು. ರಿಬ್ಬನ್ ಕಟ್ಟಿಕೊಂಡು ಹೊರಗೆ ಹೋಗುವ ಆ ಹಾಡು ಇಡೀ ನಾಟಕದಲ್ಲೇ ನನಗೆ ಪ್ರಿಯವಾದದ್ದು. ಡಾಲಿ ದೊಡ್ಡ ದನಿಯಲ್ಲಿ ಹೇಳುವುದನ್ನೇ ಐರೀನ್ ಸಣ್ಣ ದನಿಯಲ್ಲಿ ಹೇಳುತ್ತಾಳೆ. ವಿಮರ್ಶೆಗಳಲ್ಲಿ ಅವಳಿಗೆ ಸಿಗುವುದು ಒಂದು ಸಾಲು, ಅದೂ ಕೊನೆಯ ಪ್ಯಾರಾದಲ್ಲಿ.

ಲಂಡನ್‌ಕನ್ನಡತಿ:
ಜೆನಾ ರಸೆಲ್ ಮಾಡಿದ್ದರು. ಸಾಮಾನ್ಯವಾಗಿ ಐರೀನ್ ಅಂದರೆ ಚಿಕ್ಕ ಪ್ರಾಯದ ಚೆಲುವೆ. ರಸೆಲ್ ಅಷ್ಟು ಚಿಕ್ಕವರಲ್ಲ. ಹಾಗಾಗಿ ಹೊರೇಸ್ ಅಂಗಡಿಯ ಗುಮಾಸ್ತ ಕಾರ್ನೀಲಿಯಸ್ ಜೊತೆಗಿನ ಪ್ರೇಮ ಇಬ್ಬರಿಗೂ ಸಿಕ್ಕ ಕೊನೆಯ ಅವಕಾಶದ ಥರ ಕಂಡಿತು. ನನಗೆ ತುಂಬಾ ಹಿಡಿಸಿತು. ನೀವು ಹೇಳಿದ್ದು ನಿಜ, ಪತ್ರಿಕೆಗಳು ಸ್ಟಾಂಟನ್ ಬಗ್ಗೆ ಬರೆದಷ್ಟು ಈಕೆಯ ಬಗ್ಗೆ ಬರೆಯಲಿಲ್ಲ. 2017ರಲ್ಲಿ ಕೇಟ್ ಬಾಲ್ಡ್‌ವಿನ್ ಅವರಿಗೆ ಇದೇ ಪಾತ್ರಕ್ಕೆ ಟೋನಿ ನಾಮನಿರ್ದೇಶನವಾದರೂ ಸಿಕ್ಕಿತ್ತು.

ಪ್ರಶ್ನೆಪತ್ರ:
ಎಲ್ಲರಿಗೂ ಧನ್ಯವಾದ. ನನ್ನಂಥ ಹೊಸಬರು ಎಲ್ಲಿಂದ ಶುರು ಮಾಡಬೇಕು ಅಂತ ಯಾರಾದರೂ ಹೇಳಿ.

ಹಳೆರೆಕಾರ್ಡು:
ಮೊದಲು 1964ರ ಚ್ಯಾನಿಂಗ್ ರೆಕಾರ್ಡು. ಶೀರ್ಷಿಕೆ ಗೀತೆಯಿಂದ ಶುರು ಮಾಡಬೇಡಿ. ಮೊದಲ ಅಂಕದ ಕೊನೆಯ ಮೆರವಣಿಗೆ ಹಾಡು ಕೇಳಿ, ಆಮೇಲೆ ಬ್ರೆನನ್ ಅವರ ರಿಬ್ಬನ್ ಹಾಡು. ಇಬ್ಬರು ವಿಧವೆಯರ ಪರಿಚಯ ಆದ ಮೇಲೆ ಮೆಟ್ಟಿಲಿಗೆ ಬನ್ನಿ. ನಂತರ 1967ರ ಬೇಲಿ ರೆಕಾರ್ಡಿನಲ್ಲಿ ಅದೇ ಮೂರು ಹಾಡು. ಬಾರ್ನ್ಸ್ ವಿಮರ್ಶೆಯನ್ನು ಕೇಳಿದ ಮೇಲೆ ಓದಿ, ಮೊದಲೇ ಓದಿದರೆ ಆತನ ಕಿವಿಯಲ್ಲೇ ಕೇಳಿಸುತ್ತದೆ.

ಹಿಂದಿನಸಾಲು:
ಅದಕ್ಕೆ ಒಂದು ಸೇರಿಸಿ ಸರ್. ಥಾರ್ನ್‌ಟನ್ ವೈಲ್ಡರ್ ಅವರ ‘ದ ಮ್ಯಾಚ್‌ಮೇಕರ್’ ಓದಿ, ಈ ನಾಟಕ ಹುಟ್ಟಿದ್ದು ಅದರಿಂದ. ಅದರ ಕೊನೆಯಲ್ಲಿ ಡಾಲಿ ಒಂದು ಮಾತು ಹೇಳುತ್ತಾಳೆ: ದುಡ್ಡು ಗೊಬ್ಬರ ಇದ್ದ ಹಾಗೆ, ಹರಡಿದರೆ ಮಾತ್ರ ಎಳೆಯದು ಬೆಳೆಯುತ್ತದೆ ಅಂತ. ಸಂಗೀತ ನಾಟಕದಲ್ಲಿ ಅದು ಎಫ್ರಾಯಿಮ್ ಹೇಳುತ್ತಿದ್ದ ಮಾತು. ಹೊರೇಸ್ ತನಗೆ ಗೊತ್ತಿಲ್ಲದೆ ಅದೇ ಮಾತು ಹೇಳಿಬಿಟ್ಟಾಗ ಡಾಲಿಗೆ ಬೇಕಿದ್ದ ಗುರುತು ಸಿಗುತ್ತದೆ. ಈ ಗಳಿಗೆಗೆ ಹಾಡಿಲ್ಲ, ಕುಣಿತ ಇಲ್ಲ. ಮುಂದಿನ ಸಲ ಯಾವ ನಟಿ ಡಾಲಿ ಮಾಡಿದರೂ ನಾನು ವಿಮರ್ಶೆಯಲ್ಲಿ ಮೊದಲು ಹುಡುಕುವುದು ಇದನ್ನೇ: ಆ ಮಾತು ಕಿವಿಗೆ ಬಿದ್ದಾಗ ಆಕೆಯ ಮುಖ ಹೇಗಿತ್ತು ಅಂತ.